ವೈರಸ್ ಪಾಠ ಹೇಳುವವಳ ಕೋಸಂಬರಿ

ಕಣ್ಣಿಗೆ ಕಾಣದ ಜೀವಕ್ಕೂ ಆಹಾರವಿಟ್ಟು ಕಾಯುವ ಆ ತಂದೆಗೆ ಮೊದಲು ಕೈಮುಗಿಯುತ್ತೇನೆ.

ಬಸವನಗುಡಿಯ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುವವಳ ಮೇಲೆ ಜನಕ್ಕೆ ಅನುಮಾನ ಬರುತ್ತಲೇ ಇರುತ್ತದೆ. ತೊಂಬತ್ತರ ದಶಕದ ಕೊನೆಯ ಒಂದು ರಾಮನವಮಿಗೆ ನಮ್ಮ ತ್ಯಾಗರಾಜನಗರದ ಭಜನಾ ಮಂಡಳಿಯಲ್ಲಿ ಕೋಸಂಬರಿ ಸೇವೆ ಮೊದಲ ಸಲ ನನ್ನ ಪಾಲಿಗೆ ಬಂದಿತ್ತು. ಎಷ್ಟೋ ವರ್ಷದಿಂದ ಕಾದಿದ್ದ ಭಾಗ್ಯ. ಅದಕ್ಕೇ ಕುತ್ತು ಬಂತು.

೧. ಡಸ್ಟರು

ಮಂಡಳಿಯ ಹಿರಿಯರನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದೆವು. ಅವರು ಕರೆಸಿ, ನನ್ನ ಬೆರಳುಗಳನ್ನೇ ದಿಟ್ಟಿಸುತ್ತಾ ಕೇಳಿದರು:

“ಏನೇ, ಇವತ್ತು ಯಾವ ವೈರಸ್ ಮುಟ್ಟಿದ್ದೆ?”

“ಮುಟ್ಟೋದೆಲ್ಲಿ ದೊಡ್ಡಮ್ಮ, ಬೋರ್ಡ್ ಮೇಲೆ ಚಿತ್ರ ಬರೀತೀನಿ ಅಷ್ಟೆ.”

“ಬರೆದಾದ್ಮೇಲೆ ಯಾತರಲ್ಲಿ ಒರೆಸ್ತೀಯ?”

“ಡಸ್ಟರ್‌ನಲ್ಲಿ.”

“ಆ ಡಸ್ಟರ್ ಮನೆಗೆ ತರಲ್ಲ ತಾನೇ?”

೨. ಗೋತ್ರ

ಪಾಠವನ್ನೇ ಹೇಳಿಬಿಟ್ಟರೆ ಭಯ ಹೋದೀತು ಅಂದುಕೊಂಡೆ.

“ರೆಟ್ರೋವೈರಸ್ ಅಂತ ಒಂದು ಜಾತಿ, ದೊಡ್ಡಮ್ಮ. ಅದರ ಒಂದೊಂದು ಕಣದಲ್ಲೂ ಆರ್‌ಎನ್‌ಎ ಎಳೆ ಎರಡಿರ್ತವೆ. ಎರಡು ಬೇರೆ ವೈರಸ್ ಒಂದೇ ಜೀವಕೋಶಕ್ಕೆ ಹೊಕ್ರೆ, ಅಲ್ಲಿ ಹುಟ್ಟೋ ಕಣಕ್ಕೆ ಇದರದೊಂದು, ಅದರದೊಂದು ಎಳೆ ಸೇರಬಹುದು. ಆ ಕಣ ಮುಂದಿನ ಕೋಶಕ್ಕೆ ಹೋದಾಗ, ಎಳೆ ನೋಡ್ಕೊಂಡು ಡಿಎನ್‌ಎ ನಕಲು ಮಾಡೋ ಕಿಣ್ವ ಇದೆಯಲ್ಲ, ಅದು ಎರಡೂ ಒಂದೇ ಥರ ಇರೋ ಜಾಗದಲ್ಲಿ ಈ ಎಳೆ ಬಿಟ್ಟು ಆ ಎಳೆಗೆ ಹಾರ್ಬಿಡುತ್ತೆ. ನಕಲು ಒಂದಷ್ಟು ಇದರ ಹಾಗೆ, ಒಂದಷ್ಟು ಅದರ ಹಾಗೆ.”

ದೊಡ್ಡಮ್ಮ ಕಣ್ಣು ಕಿರಿದು ಮಾಡಿದರು. “ಹಾಗಾದ್ರೆ ಹುಟ್ಟಿದ್ದಕ್ಕೆ ಗೋತ್ರ ಯಾವ್ದು?”

“ವೈರಸ್‌ಗೆ ಗೋತ್ರ ಎಲ್ಲಿಂದ ಬರಬೇಕು, ದೊಡ್ಡಮ್ಮ?”

“ನೋಡು, ಅದೂ ಗೊತ್ತಿಲ್ಲ! ನಿನ್ನ ಕೋಸಂಬರಿ ಕಂಬದ ಹಿಂದೆ ಇಡು, ಸ್ವಾಮಿ ನೋಡ್ಕೋತಾನೆ. ಹಂಚೋದು ಮಾತ್ರ ಬೇಡ.”

೩. ಮಂಗಳಾರತಿ

ರಾಮನವಮಿ ಬಂತು. ಹೆಸರುಬೇಳೆ ನೆನೆಸಿ, ರಾಮನಾಮ ಹೇಳುತ್ತಲೇ ಸೌತೆಕಾಯಿ ಹೆಚ್ಚಿ, ಒಗ್ಗರಣೆ ಹಾಕಿ ತಂದೆ. ಪಾತ್ರೆ ಕಂಬದ ಹಿಂದೆ ಕೂತಿತು. ಸ್ವಾಮಿಗೆ ಬೇಕಾದರೆ ಅವನೇ ಕರೆಸಿಕೊಳ್ಳುತ್ತಾನೆ ಅಂತ ಹಾಡಿಗೆ ಕೂತೆ.

ದೊಡ್ಡಮ್ಮ ಕಣ್ಣು ಮುಚ್ಚಿ ಸೀತಾರಾಮರ ಕಲ್ಯಾಣದ ಆರತಿ ಹಾಡು ಎತ್ತಿಕೊಂಡರು. ನಡುವೆ ಒಂದು ಸಾಲಿದೆ. ಪಾರ್ವತಿ ಕಲ್ಯಾಣದ ಹಾಡಿನಲ್ಲೂ ಅದೇ ಸಾಲು, ಅದೇ ಧಾಟಿ. ಆ ಸಾಲಿಗೆ ಬಂದ ದೊಡ್ಡಮ್ಮ ಸಲೀಸಾಗಿ ಆ ಹಾಡಿಗೆ ದಾಟಿಬಿಟ್ಟರು. ಭಕ್ತಿಯಲ್ಲಿ ನಾವೂ ಹಿಂದೆಯೇ ದಾಟಿದೆವು. ಶಿವ ಶಿವಾ, ಹಾಡು ಮುಗಿಯುವಷ್ಟರಲ್ಲಿ ಸೀತಮ್ಮನನ್ನು ಮುಕ್ಕಣ್ಣನಿಗೆ ಧಾರೆ ಎರೆದಾಗಿತ್ತು!

ಅರ್ಚಕರು ಆರತಿ ತಟ್ಟೆ ಹಿಡಿದು ನಿಂತೇಬಿಟ್ಟರು. ಜನರಲ್ಲಿ ಪಿಸುಪಿಸು. ದೊಡ್ಡಮ್ಮ ಒಂದು ಕಣ್ಣು ತೆರೆದು ಎಲ್ಲರನ್ನೂ ಅನುಮಾನದಿಂದ ನೋಡಿ, ನನ್ನ ಕಿವಿಗೆ ಬಗ್ಗಿದರು:

“ಗೊತ್ತಾಯ್ತೇನೇ ಇವರಿಗೆಲ್ಲ?”

“ಗೊತ್ತಾದ ಹಾಗಿದೆ, ದೊಡ್ಡಮ್ಮ.”

“ನಿನ್ನ ಪಾತ್ರೆ ತಾರೇ ಬೇಗ! ಎಲ್ಲರಿಗೂ ಬಾಯ್ತುಂಬ ಹಾಕು, ಒಬ್ರೂ ಮಾತಾಡಬಾರದು!”

ಇದನ್ನು ಕೇಳಿದ ಎಲ್ಲರನ್ನೂ ಸೀತಾರಾಮರೂ ಪಾರ್ವತೀಪರಮೇಶ್ವರರೂ ಅವರವರ ಜೋಡಿಯಲ್ಲೇ ನಿಂತು ಹರಸಲಿ.