ಹದಿನಾಲ್ಕನೇ ಮಹಡಿಯ ಹೊಲ

ನಮ್ಮ ಮನೆಯ ಹಾಲಿನಿಂದ ಬಾಲ್ಕನಿಗೆ ಏಳೇ ಹೆಜ್ಜೆ. (ಕುಡಿಯುವ ಹಾಲಲ್ಲ, ಸೋಫಾ ಹಾಕುವ ಹಾಲು.) ಆ ಏಳು ಹೆಜ್ಜೆ ಇಡುವ ಮುಂಚೆ ನಾನು ದಿನಾ ಬೆಳಿಗ್ಗೆ ತಲೆಗೆ ಟವೆಲ್ಲು ಸುತ್ತಿ, "ಹೊಲಕ್ಕೆ ಹೋಗಿ ಬರ್ತೀನಿ ಕಣೇ" ಎಂದು ಗಟ್ಟಿಯಾಗಿ ಕೂಗುತ್ತಿದ್ದೆ. ಹೇಳುತ್ತಿದ್ದುದು ಹೆಂಡತಿ ಗುರುದೇವಿಗೆ. ಕೇಳಿಸಬೇಕಾದದ್ದು ಅತ್ತೆ ದಾನಮ್ಮನವರಿಗೆ.

ಅತ್ತೆ ವಿಜಯಪುರದ ಕಡೆಯವರು, ಎಂಟೆಕರೆ ಎರೆಹೊಲದಲ್ಲಿ ಜೋಳ ಬೆಳೆದವರು. ಬಿನ್ನಿಪೇಟೆಯ ಈ ಅಪಾರ್ಟ್‌ಮೆಂಟಿಗೆ ಬಂದ ದಿನವೇ, ನನ್ನ ಇಪ್ಪತ್ತೆರಡು ಬಕೆಟ್ಟುಗಳಲ್ಲಿ ಸೊಂಟದೆತ್ತರ ನಿಂತ ಬಿಳಿಜೋಳವನ್ನು ನೋಡಿ, "ಚಲೋ ಅದಾವ್ರೀ ಕುಂಡ," ಎಂದರು. ಕುಂಡ! ಗಣೇಶನ ಹಬ್ಬ ಕಳೆದ ಮೇಲೆ ವಿಡಿಯೋ ನೋಡಿ, ಲಿಫ್ಟಿನಲ್ಲಿ ಮೂಟೆ ಮೂಟೆ ಮಣ್ಣು ಸಾಗಿಸಿ, ಸೊಂಟ ಉಳುಕಿಸಿಕೊಂಡು ನಾನು ಸ್ಥಾಪಿಸಿದ ಗಗನಚುಂಬಿ ಕೃಷಿ ಸಾಮ್ರಾಜ್ಯ ಕುಂಡವೇ?

"ಅತ್ತೆ, ಇದು ಹೊಲ."

"ಹೊಲಕ್ಕ ಬದು ಇರತೈತ್ರೀ."

"ರೇಲಿಂಗ್ ಇದೆಯಲ್ಲ!"

"ಸುಮ್ನಿರ್ರೀ," ಎಂದಳು ಗುರುದೇವಿ. "ನನಗ ಬಟ್ಟಿ ಒಣಗ್ಸಾಕ ಜಾಗ ಇಲ್ದಂಗಾಗೇತಿ."

ಅತ್ತೆಯ ಬಾಯಿಂದ ಒಮ್ಮೆ 'ಹೊಲ' ಅನ್ನಿಸಬೇಕು ಎಂಬುದು ನನ್ನ ಒಂದು ಆಸೆ. ಇಡೀ ಟೆರೇಸಿನ ಮೇಲೆ ಬೇಸಾಯ ಮಾಡಬೇಕು ಎಂಬುದು ಇನ್ನೊಂದು. ಅದಕ್ಕೆ ಅಸೋಸಿಯೇಷನ್ ಅಧ್ಯಕ್ಷ ಸುಧೀಂದ್ರರ ಅಪ್ಪಣೆ ಬೇಕಿತ್ತು. ಅವರ ಮನೆ ಸರಿಯಾಗಿ ನಮ್ಮ ಕೆಳಗೆ.

"ಮಂಜುನಾಥ್, ನಿಮ್ ಬಾಲ್ಕನಿಯಿಂದ ಒಂದ್ ಹನಿ ನೀರು, ಒಂದ್ ಎಲೆ ಕೆಳಗ್ ಬೀಳ್ಬಾರ್ದು. ಮೂರ್ ತಿಂಗ್ಳು ನೋಡ್ತೀನಿ. ಪಾಸಾದ್ರೆ ಟೆರೇಸ್ ನಿಮ್ದೇ," ಎಂದಿದ್ದರು. ನಾನು ಹುರುಪಿನಿಂದ ಬರೆದು ಸಹಿ ಹಾಕಿಕೊಟ್ಟಿದ್ದೆ.

ಕೊನೆಯ ತಪಾಸಣೆ ಒಂದು ಭಾನುವಾರ. ಅಂದು ನಮ್ಮ ಅಡುಗೆಮನೆಯಲ್ಲಿ ಬೆಳಗಿನಿಂದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳ ಘಮಘಮ. ಕೇಳಿದರೆ, "ಎಳ್ಳ ಅಮಾಸಿ ಅಲ್ಲೇನ್ರೀ? ಹೊಲದಾಗ ಪೂಜಿ ಮಾಡಿ ಉಣ್ಣೂ ಹಬ್ಬ," ಎಂದಳು ಗುರುದೇವಿ. ಅಷ್ಟರಲ್ಲಿ ಅತ್ತೆ ಇಳಕಲ್ ಸೀರೆ ಉಟ್ಟು, ಬುಟ್ಟಿ ಹೊತ್ತು ನನ್ನ ಮುಂದೆ ಬಂದು ನಿಂತರು.

"ಬರ್ರೀ, ಹೊಲಕ್ಕ ಹೋಗೂಣು."

ಹೊಲಕ್ಕ! ಅಂದೇಬಿಟ್ಟರು! ಟವೆಲ್ಲು ಸುತ್ತಿಕೊಂಡು ಏಳು ಹೆಜ್ಜೆಯ ಮೆರವಣಿಗೆಗೆ ನಾನೇ ಮುಂದಾದೆ. ಅತ್ತೆ ಬಕೆಟ್ಟಿಗೆ ಅರಿಶಿನ ಕುಂಕುಮ ಇಟ್ಟು, ಬುಟ್ಟಿಯಿಂದ ಎಲ್ಲ ಅಡುಗೆಯನ್ನೂ ಒಂದಿಷ್ಟು ಕಲಸಿ ಹಿಡಿ ತುಂಬ ತೆಗೆದುಕೊಂಡರು.

"ಏನ್ ಮಾಡ್ತಿದ್ದೀರಿ ಅತ್ತೆ?"

"ಹೊಲ ಅಂದಮ್ಯಾಲ ಚರಗ ಚೆಲ್ಲಬೇಕಲ್ರೀ? ಭೂಮಿತಾಯಿಗೆ ನಾಲ್ಕೂ ದಿಕ್ಕಿಗೆ ಪಾಲು."

"ಚೆಲ್ಲೋದಾ? ಅಯ್ಯೋ ಬೇಡಿ, ಇದು..."

ಕುಂಡ ಎನ್ನಬೇಕಿತ್ತು. ಅದೊಂದು ಮಾತು ಆಡಿದ್ದರೆ ಟೆರೇಸು ಉಳಿಯುತ್ತಿತ್ತು. ಆದರೆ ಎರಡು ತಿಂಗಳು ಕಾದು ಗೆದ್ದ ಹೊಲವನ್ನು ನನ್ನ ಬಾಯಿಂದಲೇ ಕುಂಡ ಮಾಡಲು ನಾಲಿಗೆ ಹೊರಳಲಿಲ್ಲ.

"ಹುಲ್ಲುಲ್ಲಿಗೋ!" ಎಂದು ಕೂಗಿ ಅತ್ತೆ ಕೈ ಬೀಸಿದರು. ನಮ್ಮ ಹೊಲಕ್ಕೆ ಮೂರು ಕಡೆ ಗೋಡೆ. ಹಾಗಾಗಿ ನಾಲ್ಕೂ ದಿಕ್ಕಿನ ಪಾಲು ರೇಲಿಂಗಿನ ಆಚೆಗೇ ಹೋಯಿತು. ಕೆಳಗೆ ಸುಧೀಂದ್ರರು ಎಲೆ ಗಿಲೆ ಬೀಳುತ್ತದೆಯೇ ಎಂದು ಕತ್ತು ಹೊರಚಾಚಿ ಮೇಲೆ ನೋಡುತ್ತಿದ್ದರು.

ಎರಡೇ ನಿಮಿಷಕ್ಕೆ ಬೆಲ್ಲು. ಬೋಳುತಲೆಯ ಮೇಲೆ ಬದನೆಕಾಯಿ, ಮೀಸೆಯ ತುಂಬ ಮಸಾಲೆ, ಕೈಯಲ್ಲಿ ನಾನು ಸಹಿ ಹಾಕಿದ ಕಾಗದ.

"ಏನ್ರೀ ಇದು?" ಎಂದು ಅಬ್ಬರಿಸುವ ಭರದಲ್ಲಿ ಅವರ ನಾಲಿಗೆ ಮೀಸೆಗೆ ತಾಗಿತು. ಇನ್ನೊಮ್ಮೆ ತಾಗಿಸಿದರು. ಆಮೇಲೆ ಮೆತ್ತಗೆ ಅತ್ತೆಯ ಕಡೆ ತಿರುಗಿ, "ಏನಮ್ಮಾ ಇದು?" ಎಂದರು.

"ಎಣ್ಣಿಗಾಯಿರೀ. ಕೂಡ್ರಿ, ರೊಟ್ಟಿ ಹಾಕ್ತೀನಿ."

ನಾಲ್ಕನೇ ರೊಟ್ಟಿಗೆ ಟೆರೇಸು ಮಂಜೂರಾಯಿತು. ಅತ್ತೆಯ ಹೆಸರಿಗೆ! "ಅಲ್ಲಿ ಚೆಲ್ಲಿದ್ರೆ ಅಲ್ಲೇ ಬೀಳುತ್ತೆ," ಎಂದು ಅಧ್ಯಕ್ಷರು ತೇಗಿದರು.

"ಮತ್ತೆ ನಾನು?" ಎಂದೆ.

ಅತ್ತೆ ಅವರಿಗೆ ಹೋಳಿಗೆ ಬಡಿಸುತ್ತಾ, "ಹೊಲ ಅಂದಮ್ಯಾಲ ಹಕ್ಕಿ ಕಾಯಾಕ ಒಬ್ರು ಬೇಕಲ್ರೀ?" ಎಂದರು.

ನನ್ನ ಬಕೆಟ್ಟುಗಳು ಈಗ ಟೆರೇಸಿಗೆ ಏರಿವೆ, ತೆನೆ ಕಟ್ಟಿವೆ. ರಜಾದಿನಗಳಲ್ಲಿ ನಾನು ತಲೆಗೆ ಟವೆಲ್ಲು ಸುತ್ತಿ, ಗಿಳಿ ಪಾರಿವಾಳಗಳತ್ತ ಕೈ ಬೀಸುತ್ತಾ ಅಲ್ಲೇ ನಿಂತಿರುತ್ತೇನೆ. ಮೊನ್ನೆ ಎದುರು ಬ್ಲಾಕಿನ ಅಕ್ಕಯ್ಯಮ್ಮ ಅತ್ತೆಗೆ ಫೋನ್ ಮಾಡಿದ್ದರು.

"ನಿಮ್ ಬೆದರುಬೊಂಬೆ ತುಂಬಾ ಚೆನ್ನಾಗಿದೆ ದಾನಮ್ಮ, ಗಾಳಿಗೆ ಕೈ ಕೂಡ ಆಡ್ಸುತ್ತೆ. ನಮ್ ಟೆರೇಸ್‌ಗೂ ಅಂಥದ್ದೊಂದು ಸಿಗುತ್ತಾ?"

ಅತ್ತೆ ಇಲ್ಲವೆನ್ನಲಿಲ್ಲ. "ಶನಿವಾರ ಅದಕ್ಕ ರಜಾ ಐತ್ರೀ, ಕಳಸ್ತೀನಿ," ಎಂದರು.