ಕನ್ನಡಿಯಲ್ಲಿ ಕಂಡವಳನ್ನೂ ಲೆಕ್ಕಕ್ಕೆ ಹಿಡಿದ ಹಾಡಿನ ಕಂಪನಿಗೆ

ಮಾನ್ಯರೇ,

ಮೂರು ಖಂಡಗಳ ಅರಸರು ಕಿರೀಟ ತೆಗೆದು ಮಡಿಲಲ್ಲಿಟ್ಟುಕೊಂಡು ಯಾರ ಕತ್ತರಿಯ ಮುಂದೆ ತಲೆ ತಗ್ಗಿಸಿ ಕೂತಿದ್ದಾರೋ, ಹುಟ್ಟಿದಾಗಿನಿಂದ ಇಂದಿನವರೆಗೆ ಯಾವ ವ್ಯಾಪಾರದಲ್ಲೂ ಯಾರು ಒಂದು ಕಾಸನ್ನೂ ಕಳೆದುಕೊಂಡಿಲ್ಲವೋ, ಆ ನಾನು, ಒಂದು ಕುರ್ಚಿ ಮತ್ತು ಎರಡು ಕನ್ನಡಿಗಳಿರುವ ಕಟಿಂಗ್ ಶಾಪಿನ ಪ್ರೊಪ್ರೈಟರ್, ಸಮುದ್ರದಾಚೆಯ ಕೊರಿಯಾ ದೇಶದಲ್ಲಿ ಏಳು ಹುಡುಗರನ್ನು ಒಟ್ಟಿಗೆ ಹಾಡಿಸಿ ಕುಣಿಸಿ ಲೋಕವನ್ನೇ ಉದ್ಧಾರ ಮಾಡುತ್ತಿರುವ ತಮ್ಮ ಕಂಪನಿಯ ಅಭಿಮಾನಿ ಸೇವಾ ವಿಭಾಗದ ಮುಖ್ಯಸ್ಥರಿಗೆ, ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಇಷ್ಟೊಂದು ಜನರ ದುಡ್ಡು ಬಂದು ಸೇರುವ ಜಾಗದಲ್ಲಿ ಕ್ಷೇಮವಲ್ಲದೆ ಇನ್ನೇನಿರುತ್ತದೆ.

ಪತ್ರ ಕನ್ನಡದಲ್ಲಿದೆ ಎಂದು ತಾವು ಬೇಸರಪಡಬಾರದು. ತಾವು ಕಳಿಸಿದ ಡಬ್ಬಗಳ ಮೇಲೆಲ್ಲ ತಮ್ಮ ಭಾಷೆಯೇ ಇತ್ತು, ನಾನು ಒಂದು ಮಾತಾಡಿದೆನೇ? ನಾನು ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವನು. ಎಂಟನೆಯದಕ್ಕೆ ನಾನು ಹೋಗದೆ ಆದ ನಷ್ಟವನ್ನು ಆ ಶಾಲೆ ಇನ್ನೂ ತುಂಬಿಕೊಂಡಿಲ್ಲ. ನಮ್ಮ ಮೇಷ್ಟ್ರು ಕಲಿಸಿದ್ದು ಎರಡೇ ಬಗೆಯ ಪತ್ರ, ಒಂದು ರಜಾ ಅರ್ಜಿ, ಇನ್ನೊಂದು ಬೀದಿ ದೀಪ ಉರಿಯುತ್ತಿಲ್ಲವೆಂಬ ದೂರು. ಇದು ಎರಡನೆಯದರ ಮಾದರಿಯಲ್ಲಿದೆ. ಎಲ್ಲಾದರೂ ಕೈತಪ್ಪಿ ದೀಪವೆಂದು ಬರೆದಿದ್ದರೆ ಅಲ್ಲಿ ತಮ್ಮ ಹುಡುಗರೆಂದು ಓದಿಕೊಳ್ಳತಕ್ಕದ್ದು.

ನನ್ನ ಅಕ್ಕನ ಮಗಳು ಕಾಲೇಜು ಓದಲೆಂದು ನಮ್ಮ ಅಂಗಡಿಯ ಮೇಲಿನ ಕೋಣೆಯಲ್ಲಿದ್ದಾಳೆ. ಮನೆಯಲ್ಲಿ ಅವಳನ್ನು ಮೊಂಡಿ ಎನ್ನುತ್ತೇವೆ. ಕೂಸಾಗಿದ್ದಾಗ ಮೊದಲ ಸಲ ಕೂದಲು ಕತ್ತರಿಸಲು ಕೂರಿಸಿದರೆ ನನ್ನ ಬಾಚಣಿಗೆಯನ್ನೇ ಕಿತ್ತುಕೊಂಡು ಸಂಜೆಯವರೆಗೆ ಕೊಡಲಿಲ್ಲ, ಆಗ ಆ ಹೆಸರಿಟ್ಟವನು ನಾನೇ. ಈಗ ದೊಡ್ಡವಳಾಗಿದ್ದಾಳೆ, ಗೆಳತಿಯರ ಎದುರು ಹಾಗೆ ಕರೆದರೆ ಆ ವಾರವೆಲ್ಲ ನನಗೆ ಮಾತಿಲ್ಲ, ಬರೀ ಬಾಗಿಲು ಬಡಿಯುವ ಸದ್ದು. ಅಕ್ಕ ಕಳಿಸುವ ದುಡ್ಡು ತಿಂಗಳ ಮಧ್ಯಕ್ಕೆ ಬರುವಷ್ಟರಲ್ಲೇ ಸುಸ್ತಾಗಿ ಕೂತುಬಿಡುವಂಥದ್ದು. ಅದಕ್ಕೇ ಹುಡುಗಿ ಸಂಜೆ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಬಸ್ಸು ಬಿಟ್ಟು ನಡೆಯುತ್ತಾಳೆ, ಕೇಳಿದರೆ ನಡೆಯುವುದು ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಾಳೆ. ಚಪ್ಪಲಿಯ ಆರೋಗ್ಯವನ್ನು ಮಾತ್ರ ಕೇಳುವ ಹಾಗಿಲ್ಲ. ಹಾಡಿನ ಸಭೆಯಲ್ಲಿ ಹಿಡಿದು ಅಲ್ಲಾಡಿಸಲೆಂದು ತಾವು ಮಾರುವ ಬಣ್ಣದ ದೀಪದ ಕೋಲು ಅವಳ ಕೈಗೆಟುಕುವುದಿಲ್ಲ, ಆದ್ದರಿಂದ ನನ್ನ ಅಂಗಡಿಯ ಟಾರ್ಚಿಗೆ ಗುಲಾಬಿ ಬಣ್ಣದ ಕಾಗದ ಸುತ್ತಿಟ್ಟುಕೊಂಡಿದ್ದಾಳೆ. ಕರೆಂಟು ಹೋದಾಗ ಆ ಬೆಳಕಿನಲ್ಲಿ ನನ್ನ ಗಿರಾಕಿಗಳೆಲ್ಲ ಮದುಮಕ್ಕಳಂತೆ ಕಾಣುತ್ತಾರೆ, ಅರವತ್ತು ದಾಟಿದವರೂ.

ಹಾಡು ಎಷ್ಟು ಸಲ ಓಡಿತು ಎಂಬುದರ ಮೇಲೆ ತಮ್ಮ ಹುಡುಗರ ಮಾನ ನಿಂತಿದೆಯಂತೆ. ಆದ್ದರಿಂದ ಹೊಸ ಹಾಡು ಬಂದ ವಾರ ಮೊಂಡಿಯ ಆಜ್ಞೆಯಂತೆ ನನ್ನ ಫೋನು ಬೆಳಗಿನಿಂದ ರಾತ್ರಿಯವರೆಗೆ ಸದ್ದಡಗಿಸಿಕೊಂಡು ಅದೊಂದನ್ನೇ ಹಾಡುತ್ತಿರುತ್ತದೆ. ನನ್ನದೊಂದೇ ಅಲ್ಲ, ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಕೂತ ಗಿರಾಕಿಗಳ ಫೋನುಗಳೂ. ನಿವೃತ್ತ ಅಂಚೆಯಣ್ಣನೊಬ್ಬರು, ಕಿವಿ ತುಸು ಮಂದ, ತಮ್ಮ ಹುಡುಗರ ಹಾಡನ್ನು ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಕೇಳಿದ ಕೀರ್ತಿಗೆ ಪಾತ್ರರಾಗಿದ್ದಾರೆ; ಅವರಿಗೆ ಇನ್ನೂ ಗೊತ್ತಿಲ್ಲ.

ಇನ್ನು ತಮ್ಮ ಆಲ್ಬಮ್ಮಿನ ವಿಚಾರ. ಮಾನ್ಯರೇ, ನಾನೂ ವ್ಯಾಪಾರಿ, ಆದರೆ ಈ ವಿದ್ಯೆಗೆ ಕೈಮುಗಿದೆ. ಒಂದು ದಪ್ಪ ಚಿತ್ರದ ಪುಸ್ತಕ, ಒಂದು ಸಿಡಿ, ಜೊತೆಗೆ ಬೆರಳುದ್ದದ ಒಂದು ಫೋಟೊ. ಆ ಫೋಟೊ ಏಳು ಜನರಲ್ಲಿ ಯಾರದು ಎಂಬುದು ಡಬ್ಬ ಒಡೆದ ಮೇಲೆಯೇ ತಿಳಿಯುವುದು. ತಲೆಗೆ ಬಟ್ಟೆ ಕಟ್ಟಿ ಕತ್ತರಿಸಿ, ಯಾವ ಕಟಿಂಗ್ ಆಯಿತೆಂದು ದುಡ್ಡು ಕೊಟ್ಟ ಮೇಲೆ ತೋರಿಸುವ ಧೈರ್ಯ ನನಗೆ ಈ ಜನ್ಮದಲ್ಲಿ ಬರಲಿಲ್ಲ. ಮೊಂಡಿಯೂ ಅವಳ ಗೆಳತಿಯೂ ಅರ್ಧರ್ಧ ಹಾಕಿ ಒಂದೇ ಆಲ್ಬಂ ತರಿಸಿದರು. ಪುಸ್ತಕ ಗೆಳತಿಗೆ, ಸಿಡಿ ಇವಳಿಗೆ. ಸಿಡಿ ಹಾಕುವ ಯಂತ್ರ ಇಬ್ಬರ ಮನೆಯಲ್ಲೂ ಇಲ್ಲ. ಆಲ್ಬಂ ಒಂದಕ್ಕೆ ಒಂದು ಅದೃಷ್ಟದ ಚೀಟಿ ಎಂದು ತಾವು ಸಾರಿದ್ದಿರಿ, ಹೆಸರು ಬಂದವರಿಗೆ ಅವರು ಮೆಚ್ಚಿದ ಹುಡುಗ ಒಂದೂವರೆ ನಿಮಿಷ ವಿಡಿಯೊ ಕಾಲ್ ಮಾಡುತ್ತಾನೆಂದು. ಚೀಟಿಯನ್ನು ಅರ್ಧ ಮಾಡಲು ಬರುವುದಿಲ್ಲವಲ್ಲ. ನಾಣ್ಯ ಚಿಮ್ಮಿದರು, ಗೆಳತಿಯ ಪಾಲಾಯಿತು. ಮೊಂಡಿ ಪರವಾಗಿಲ್ಲ ಎಂದಳು. ಅವಳು ಪರವಾಗಿಲ್ಲ ಎಂದರೆ ನಮ್ಮ ಮನೆಯಲ್ಲಿ ಎಲ್ಲರೂ ಪಾತ್ರೆ ಮೆಲ್ಲಗೆ ಇಡುತ್ತಾರೆ.

ಅವಳಿಗೆ ಬೇಕಾಗಿದ್ದುದೇನು ಎಂದು ಊಟಕ್ಕೆ ಕೂತಾಗ ನನ್ನ ಹೆಂಡತಿ ಬಾಯಿ ಬಿಡಿಸಿದಳು. ಆ ಏಳರಲ್ಲಿ ಒಬ್ಬ, ಹಿಂದೆ ನೇರಳೆ ತಲೆ, ಆಮೇಲೆ ಕಿತ್ತಳೆ ತಲೆ, ಈಗ ಬೆಳ್ಳಿತಲೆ, ಅವನ ಬಾಯಲ್ಲಿ ತನ್ನ ಹೆಸರನ್ನು ಒಂದು ಸಲ ಕೇಳಬೇಕಂತೆ. ಅಷ್ಟೇ. ಕೈ ಹಿಡಿಯಬೇಕು, ಫೋಟೊ ಬೇಕು, ಅಂಥದ್ದೇನೂ ಅಲ್ಲ. ಹೆಸರು ಹೇಳಿದರೆ ಸಾಕು. ಇಷ್ಟಕ್ಕೇನಾ ಎಂದು ನಾನು ನಕ್ಕೆ, ಮಾವ ಇದ್ದಾನೆ ಬಿಡು ಎಂದೆ. ಈ ಮಾತನ್ನು ನಾನು ಯಾವಾಗ ಹೇಳಿದರೂ ನನ್ನ ಹೆಂಡತಿ ಬೀರುವಿನ ಕೀಲಿಕೈ ಎಲ್ಲಿದೆ ಎಂದು ಮುಟ್ಟಿ ನೋಡಿಕೊಳ್ಳುತ್ತಾಳೆ. ಅವತ್ತು ಮರೆತಳು.

ಬೀರುವಿನಲ್ಲಿದ್ದುದು ಹೊಸ ಕುರ್ಚಿಯ ದುಡ್ಡು. ನನ್ನ ಅಂಗಡಿಯ ಕುರ್ಚಿಯನ್ನು ಕಾಲಿನಿಂದ ತುಳಿದು ಮೇಲೇರಿಸಬೇಕು. ಒಳಗಿನ ಎಣ್ಣೆ ಸೋರಿ ಬಹಳ ಕಾಲವಾಗಿ, ಕೂತವರನ್ನು ಹೊತ್ತುಕೊಂಡು ಅದು ತನ್ನ ಪಾಡಿಗೆ ಮೆಲ್ಲಗೆ ಕೆಳಗಿಳಿಯುತ್ತದೆ, ಮಾತಾಡುತ್ತ ಮಾತಾಡುತ್ತ ಗಿರಾಕಿ ಕನ್ನಡಿಯಿಂದಲೇ ಕಾಣೆಯಾಗುತ್ತಾನೆ. ಆ ದುಡ್ಡಿನಿಂದ ಒಂದಷ್ಟು, ಕೇವಲ ಒಂದಷ್ಟು, ಆಲ್ಬಂಗಳನ್ನು ಗುಟ್ಟಾಗಿ ತರಿಸಿದೆ. ಪಕ್ಕದ ಮೊಬೈಲ್ ಅಂಗಡಿಯವನು ಕೂತು ಒತ್ತಿಕೊಟ್ಟ. ಹೆಸರಿನ ಜಾಗ ಬಂದಾಗ ಯಾರ ಹೆಸರು ಹಾಕಲಿ ಎಂದು ಕೇಳಿದ. ಬೋರ್ಡಿನ ಮೇಲೆ, ಬಾಚಣಿಗೆಯ ಡಬ್ಬಿಯ ಮೇಲೆ, ಟವೆಲಿನ ಮೂಲೆಯಲ್ಲಿ, ಎಲ್ಲೆಲ್ಲೂ ಯಾರ ಹೆಸರಿದೆಯೋ ಅವನದೇ ಹಾಕು ಎಂದೆ. ಮುಂದೆ ಪ್ರೊಪ್ರೈಟರ್ ಅಂತಲೂ ಸೇರಿಸು, ವಿದೇಶದವರಿಗೆ ಯಾರೆಂದು ಗೊತ್ತಾಗಲಿ ಎಂದೆ. ಅವನು ಸೇರಿಸಿದ.

ಡಬ್ಬಗಳು ಬಂದ ದಿನ ನನ್ನ ಹೆಂಡತಿಗೆ, ಕೊರಿಯಾದವರು ನನ್ನ ಕೈಚಳಕ ಕೇಳಿ ಗೌರವಾರ್ಥ ಉಚಿತವಾಗಿ ಕಳಿಸಿದ್ದಾರೆ ಎಂದೆ. ಮೊಂಡಿಗೆ ಐದಾರು ಸಾವಿರದ್ದು ಎಂದೆ. ಅಕ್ಕನಿಗೆ ಫೋನಿನಲ್ಲಿ ಏನೂ ಹೇಳಲಿಲ್ಲ, ಲೈನು ಸರಿಯಿರಲಿಲ್ಲ. ಸದ್ಯ ನನ್ನ ಅಂಗಡಿಯಲ್ಲಿ ಕಾಯುವ ಗಿರಾಕಿಗಳು ತಮ್ಮ ಆಲ್ಬಂಗಳ ಮೇಲೆಯೇ ಕೂರುತ್ತಾರೆ. ಕಟಿಂಗಿಗೆ ಒಂದು ಆಲ್ಬಂ ಉಚಿತ ಎಂದು ಬೋರ್ಡು ಹಾಕಿದೆ. ಆಲ್ಬಂ ಬೇಡ ಎಂದರೆ ಎಷ್ಟು ಕಡಿಮೆ ಮಾಡ್ತೀಯ ಎಂದು ಅಂಚೆಯಣ್ಣ ಕೇಳಿದರು.

ಹೀಗಿರುವಲ್ಲಿ ತಮ್ಮ ಚೀಟಿಯಲ್ಲಿ ನನ್ನ ಹೆಸರು ಬಂತು. ನಾನು ಗೆಲ್ಲುವುದು ನನಗೆ ಹೊಸದಲ್ಲ, ಆದರೂ ಬೀದಿಗೆ ಕೇಳುವಂತೆ ಮೊಂಡಿಯನ್ನು ಕೂಗಿ ಕರೆದೆ. ಅವಳು ಮೆಟ್ಟಿಲು ಹಾರಿಕೊಂಡು ಬಂದಳು, ನನ್ನ ಫೋನು ಕಸಿದುಕೊಂಡಳು, ತಮ್ಮ ಪತ್ರವನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಹೆಸರು ಬಂದವರೇ ಗುರುತಿನ ಚೀಟಿ ತೋರಿಸಿ ಮಾತಾಡತಕ್ಕದ್ದು, ಬೇರೆಯವರಿಗೆ ವರ್ಗಾಯಿಸತಕ್ಕದ್ದಲ್ಲ, ಇನ್ನೊಬ್ಬರ ಮುಖ ಕಂಡರೆ ಕರೆಯನ್ನು ಕೂಡಲೇ ನಿಲ್ಲಿಸಲಾಗುವುದು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಫೋನನ್ನು ಕ್ರೀಮಿನ ಡಬ್ಬಿಗೆ ಒರಗಿಸಿಟ್ಟು ಒಂದೇ ಮಾತು ಕೇಳಿದಳು.

“ಮಾವ, ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆಸೋಕೆ ನಿಂಗೆ ಏನಾಗಿತ್ತು?”

ಮೂರು ಖಂಡಗಳ ಅರಸರಿಗೆ ಉತ್ತರ ಕೊಟ್ಟವನು ನಾನು. ಖಾಲಿ ಕುರ್ಚಿಗೇ ಟವೆಲ್ ಹೊದಿಸತೊಡಗಿದೆ.

ಹೆಸರು ಬದಲಿಸಿಕೊಡಿ ಎಂದು ತಮಗೆ ಅರ್ಜಿ ಕಳಿಸಿದೆವು. ತಮ್ಮ ಪ್ರೀತಿಗೆ ಧನ್ಯವಾದ, ಆರೋಗ್ಯ ನೋಡಿಕೊಳ್ಳಿ ಎಂದು ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. ಇಷ್ಟು ಬೇಗ ಓದಿ, ಯೋಚಿಸಿ, ಇಲ್ಲವೆನ್ನುವ ಕಚೇರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಕಡೆ ಇಲ್ಲವೆನ್ನುವುದಕ್ಕೇ ಆರು ತಿಂಗಳು ಹಿಡಿಯುತ್ತದೆ.

ಕೊನೆಗೆ ಉಪಾಯ ಮಾಡಿದ್ದು ಮೊಂಡಿಯೇ. ನಾನು ಕುರ್ಚಿಯಲ್ಲಿ ಕೂರುವುದು, ಫೋನು ಮುಂದಿನ ಕನ್ನಡಿಗೆ ಒರಗಿರುವುದು, ಅವಳು ಫೋನಿನ ಪಕ್ಕದಲ್ಲಿ, ಕಾಣದ ಹಾಗೆ, ತನ್ನ ಹೆಸರನ್ನು ತಮ್ಮ ಲಿಪಿಯಲ್ಲಿ ಬರೆದ ರಟ್ಟನ್ನು ನನ್ನ ಕಡೆ ಹಿಡಿದು ನಿಲ್ಲುವುದು. ‘ನನ್ನ ಸೊಸೆಯ ಹೆಸರು ಹೇಳಪ್ಪ’ ಎಂಬ ವಾಕ್ಯವನ್ನು ತಮ್ಮ ಭಾಷೆಯಲ್ಲಿ ನನಗೆ ಬಾಯಿಪಾಠ ಮಾಡಿಸಿದಳು, ಆ ಲಿಪಿಯ ಕೆಳಗೆ ತನ್ನ ಹೆಸರನ್ನು ಕನ್ನಡದಲ್ಲೂ ಬರೆದಳು. ಒಂದು ವಾರ ಗಿರಾಕಿಗಳ ಗಡ್ಡ ಮಾಡುತ್ತ ಅದನ್ನೇ ಗುನುಗಿದೆ. ಅಂಚೆಯಣ್ಣ ನಾನು ಏನೋ ಮಂತ್ರ ಹಾಕುತ್ತಿದ್ದೇನೆಂದು ತಿಳಿದು ಕತ್ತಿ ಕುತ್ತಿಗೆಗೆ ಬಂದಾಗ ಉಸಿರು ಬಿಗಿಹಿಡಿಯುತ್ತಿದ್ದರು.

ಕರೆ ಬಂತು. ಬೆಳ್ಳಿತಲೆ ಪರದೆಯ ಮೇಲೆ ಮೂಡಿದ. ತಮ್ಮ ಕಾಗದದಲ್ಲಿ ನೋಡಿಕೊಂಡು, ನಕ್ಕು, ‘ಪ್ರೊ, ಪ್ರೈ, ಟರ್’ ಎಂದು ಎರಡೂ ಕೈ ಬೀಸಿದ. ಮಾನ್ಯರೇ, ಸುಳ್ಳು ಹೇಳುವುದಿಲ್ಲ, ಬಾಯಿಪಾಠ ಅಲ್ಲಿಗೇ ಹಾರಿಹೋಯಿತು. ಏಕೆಂದರೆ ನನ್ನ ಕಣ್ಣು ಅವನ ಬಲಗಿವಿಯ ಮೇಲ್ಗಡೆ ಬಿದ್ದಿತ್ತು. ಬಣ್ಣ ಬಿಡಿಸುವ ಔಷಧಿಯನ್ನು ಮೇಲಿಂದ ಮೇಲೆ ಹಚ್ಚಿ ಅಲ್ಲಿ ಚರ್ಮ ಸುಟ್ಟು ಕೆಂಪಾಗಿದೆ, ಅದು ಕಾಣದಂತೆ ಕೂದಲನ್ನು ಎಳೆದು ಕೂರಿಸಿದ್ದಾರೆ. ಲಕ್ಷಾಂತರ ಹುಡುಗಿಯರು ಆ ಮುಖವನ್ನು ನೋಡುತ್ತಾರಂತೆ, ತಲೆಯನ್ನು ಒಬ್ಬರೂ ನೋಡಿಲ್ಲ. ನಾನು ನನ್ನ ಕಿವಿಯ ಮೇಲೆ ಬೆರಳಿಟ್ಟು ಉರಿಯುತ್ತಾ ಎಂದು ಸನ್ನೆ ಮಾಡಿ ಕೇಳಿದೆ. ಹುಡುಗ ನಗುವುದನ್ನು ನಿಲ್ಲಿಸಿ, ಪಕ್ಕಕ್ಕೊಮ್ಮೆ ನೋಡಿ, ಅದೇ ಜಾಗ ಮುಟ್ಟಿಕೊಂಡು ಸ್ವಲ್ಪ ಎಂಬಂತೆ ಬೆರಳು ತೋರಿಸಿದ. ಕೊಬ್ಬರಿ ಎಣ್ಣೆ ಹಚ್ಚು, ಆರು ತಿಂಗಳು ಬಣ್ಣ ಮುಟ್ಟಬೇಡ ಎಂದು ಕನ್ನಡದಲ್ಲೇ ಹೇಳುತ್ತ ಹೋದೆ. ಫೋನಿನ ಪಕ್ಕದಲ್ಲಿ ರಟ್ಟು ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು, ಮೊಂಡಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಆಗ ಕುರ್ಚಿ ತನ್ನ ಕೆಲಸಕ್ಕೆ ಇಳಿಯಿತು. ನಾನು ಮೆಲ್ಲಗೆ ಕೆಳಗಿಳಿದೆ. ನನ್ನ ತಲೆ ಸರಿದ ಜಾಗದಲ್ಲಿ ಹಿಂದಿನ ಗೋಡೆಯ ಕನ್ನಡಿ ಕಂಡಿತು, ಆ ಕನ್ನಡಿಯಲ್ಲಿ ರಟ್ಟು ಹಿಡಿದು ನಿಂತ ಹುಡುಗಿ ಕಂಡಳು. ಬೆಳ್ಳಿತಲೆ ಮುಂದಕ್ಕೆ ಬಾಗಿ ಓದಲು ನೋಡಿದ. ಕನ್ನಡಿಯಲ್ಲಿ ಅಕ್ಷರವೆಲ್ಲ ಉಲ್ಟಾ. ಯಾರು ಎಂಬಂತೆ ಕೈ ತಿರುಗಿಸಿದ. ಎದುರಿಗೇ ರಟ್ಟಿನಲ್ಲಿ ಅವಳ ಚೆಂದದ ಹೆಸರು, ಅಕ್ಕ ಭಾವ ಯೋಚಿಸಿ ಯೋಚಿಸಿ ಇಟ್ಟದ್ದು, ದಪ್ಪ ಅಕ್ಷರದಲ್ಲಿತ್ತು. ನನ್ನ ಬಾಯಿಗೆ ಬಂದದ್ದು ನಾನಿಟ್ಟ ಹೆಸರು.

“ಮೊಂಡಿ,” ಎಂದೆ.

ಅವನು ಕನ್ನಡಿಯೊಳಗಿನ ಹುಡುಗಿಗೆ ಕೈ ಬೀಸಿ, ಬಹಳ ಮರ್ಯಾದೆಯಿಂದ, ಒಂದೊಂದೇ ಅಕ್ಷರ ಬಿಡಿಸಿ “ಮೊಂ ಡಿ” ಎಂದ. ಇನ್ನೊಮ್ಮೆ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ತಮ್ಮ ಸಿಬ್ಬಂದಿ ಇನ್ನೊಬ್ಬರ ಮುಖ ಕಂಡಿತೆಂದು ಕರೆ ಕತ್ತರಿಸಿದರು.

ನನ್ನ ದೂರು ಇದೇ. ಕನ್ನಡಿಯಲ್ಲಿ ಕಂಡವಳು ಎದುರಿಗೆ ಕಂಡಂತಾಗುತ್ತದೆಯೇ? ಹಾಗಾದರೆ ನನ್ನ ಅಂಗಡಿಗೆ ಬರುವ ಪ್ರತಿ ಗಿರಾಕಿಯಿಂದ ನಾನು ಇಬ್ಬರ ಹಣ ತೆಗೆದುಕೊಳ್ಳಬೇಕಿತ್ತು, ಇಷ್ಟು ವರ್ಷ ತೆಗೆದುಕೊಳ್ಳದೆ ಬಿಟ್ಟದ್ದನ್ನು ತಾವೇ ತುಂಬಿಕೊಡಬೇಕು. ಅದಾಗದಿದ್ದರೆ ಉಳಿದ ಅರ್ಧ ನಿಮಿಷವನ್ನು ಒಂದು ಲಕೋಟೆಯಲ್ಲಿ ಹಾಕಿ, ವಾಪಸ್ ಅಂಚೆ ಖರ್ಚು ಕೇಳದೆ, ಕಳಿಸಿಕೊಡಬೇಕು. ಏಳು ಹುಡುಗರೂ ಒಂದು ಭಾನುವಾರ ಬಂದು ಡಬ್ಬಗಳನ್ನು ತಾವೇ ಹೊತ್ತುಕೊಂಡು ಹೋಗಬೇಕು, ಹೋಗುವಾಗ ಕುಣಿಯಬಾರದು, ಮೆಟ್ಟಿಲು ಹಳೆಯದು. ಬೆಳ್ಳಿತಲೆಯನ್ನು ಮಾತ್ರ ಆರು ತಿಂಗಳು ನಮ್ಮಲ್ಲೇ ಬಿಡಬೇಕು. ಅವನ ಹುಟ್ಟುಗೂದಲು ಯಾವ ಬಣ್ಣದ್ದೆಂದು ಅವನಿಗೂ ಒಮ್ಮೆ ಗೊತ್ತಾಗಲಿ, ದುಡ್ಡು ಬೇಡ.

ಕರೆ ನಿಂತ ಮೇಲೆ ಮೊಂಡಿ ರಟ್ಟನ್ನು ಕತ್ತರಿಯ ಡ್ರಾಯರಿನಲ್ಲಿಟ್ಟು, ನನ್ನ ಫೋನು ಎತ್ತಿಕೊಂಡು ಮೇಲೆ ಹೋದಳು. ನಾನು ಬಾಗಿಲು ಬಡಿಯುವ ಸದ್ದಿಗೆ ಕಾಯುತ್ತ ಕುರ್ಚಿಯಲ್ಲೇ ಕೂತಿದ್ದೆ, ನೆಲ ಮುಟ್ಟುವಷ್ಟು ಇಳಿದಿದ್ದೆ. ಬಾಗಿಲು ಬಡಿಯಲಿಲ್ಲ. ಫೋನಿನಲ್ಲಿ ಅವಳು ಕರೆಯನ್ನು ರೆಕಾರ್ಡ್ ಮಾಡಿಟ್ಟುಕೊಂಡಿದ್ದಳಂತೆ. ಮೇಲಿನಿಂದ ಆ ಹುಡುಗನ ದನಿ, “ಮೊಂ ಡಿ”, ಮತ್ತೆ ಮತ್ತೆ ಕೇಳುತ್ತಿತ್ತು, ಈ ಸಲ ಸದ್ದಡಗಿಸದೆ. ಮಾರನೆಯ ದಿನ ಗೆಳತಿಯನ್ನು ಕರೆತಂದು ಕೇಳಿಸಿದಳು. ಆ ಗೆಳತಿ ಈಗ ಅವಳನ್ನು ಹಾಗೇ ಕರೆಯುತ್ತಾಳೆ, ಇವಳು ಓ ಎನ್ನುತ್ತಾಳೆ. ನಾನೂ ಸಲಿಗೆಯಿಂದ ಮೊಂಡೀ, ಟಾರ್ಚ್ ಎಲ್ಲಿ ಎಂದು ಕೂಗಿದೆ. ಅವಳು ಮೆಟ್ಟಿಲ ಅರ್ಧದಲ್ಲಿ ನಿಂತಳು.

“ಆ ಹೆಸರಲ್ಲಿ ನೀನು ಇನ್ಮೇಲೆ ಕರೀಬೇಡ ಮಾವ. ಬೇರೆ ಏನಾದ್ರೂ ಕರಿ.”

ತಾವು ಹಾಡು ಮಾರುತ್ತೀರಿ, ಫೋಟೊ ಮಾರುತ್ತೀರಿ, ಮಾರಿಕೊಳ್ಳಿ. ನಾನು ಇಟ್ಟ ಹೆಸರನ್ನು ನನ್ನ ಅಂಗಡಿಯಿಂದಲೇ ತಮ್ಮ ಹುಡುಗ ಎತ್ತಿಕೊಂಡು ಹೋದದ್ದಕ್ಕೆ ರಸೀತಿ ಕೂಡ ಬಂದಿಲ್ಲ. ಅವಳನ್ನು ಈಗ ಏನೆಂದು ಕರೆಯಬೇಕೆಂದು ನನಗೆ ತಿಳಿಯುತ್ತಿಲ್ಲ; ಬಾಗಿಲಲ್ಲಿ ನಿಂತು ಕೆಮ್ಮುತ್ತೇನೆ.

ತಮ್ಮ ಉತ್ತರಕ್ಕಾಗಿ, ಕೂತಲ್ಲೇ ಕೆಳಗಿಳಿಯುತ್ತ ಕಾಯುತ್ತಿರುವ,

ತಮ್ಮ ವಿಶ್ವಾಸಿ,
ಪ್ರೊಪ್ರೈಟರ್

ಮರೆತ ಮಾತು: ಪ್ರೀತಿಗೆ ಧನ್ಯವಾದ, ಆರೋಗ್ಯ ನೋಡಿಕೊಳ್ಳಿ ಎಂಬ ಉತ್ತರ ಈಗಾಗಲೇ ನನ್ನಲ್ಲಿದೆ, ಇನ್ನೊಂದನ್ನು ಕಳಿಸುವ ಶ್ರಮ ಬೇಡ; ಆ ಆರೋಗ್ಯವನ್ನು ಆ ಹುಡುಗನ ಕಿವಿಯ ಮೇಲೆ ಹಚ್ಚಿರಿ. ಹಾಗೆಯೇ, ಮೇಲೆ ಒಂದಷ್ಟು ಎಂದೂ, ಉಚಿತ ಎಂದೂ, ಐದಾರು ಸಾವಿರ ಎಂದೂ ಬರೆದಿರುವ ಕಡೆಯಲ್ಲೆಲ್ಲ, ನನ್ನ ಹೆಂಡತಿಗೆ ಕೊರಿಯಾದ ಲಿಪಿ ಬಾರದೆಂಬ ಧೈರ್ಯದಲ್ಲಿ ತಾವು ಅನುವಾದ ಮಾಡಿಸಿಕೊಳ್ಳುವಾಗ, ಅರವತ್ತೊಂದು ಸಾವಿರದ ಏಳುನೂರ ಐವತ್ತು ರೂಪಾಯಿ ಎಂದು ತಿದ್ದಿಕೊಳ್ಳತಕ್ಕದ್ದು.