ಟ್ರಂಕಿನೊಳಗಿನ ತಾಜಾ ಸುದ್ದಿ

ದಿನಾ ಬೆಳಿಗ್ಗೆ ಒಮ್ಮೆ ಬೆಚ್ಚಿಬೀಳದಿದ್ದರೆ ನನಗೆ ಹೊಟ್ಟೆ ಸರಿಯಾಗುವುದಿಲ್ಲ. ಕೆಲವರಿಗೆ ಬಿಸಿನೀರು, ಕೆಲವರಿಗೆ ಬೀಡಿ, ನನಗೆ ಪೇಪರು. ಅದನ್ನೂ ಪೂರ್ತಿ ಓದುವವನಲ್ಲ. ತಲೆಬರಹ ಓದಿ "ಅಯ್ಯೋ ದೇವರೇ" ಅನ್ನುವಷ್ಟರಲ್ಲಿ ಚಹಾ ಮುಗಿದಿರುತ್ತದೆ. ಕೆಳಗಿನ ಸಣ್ಣಕ್ಷರಕ್ಕೆ ಇಳಿದರೆ ಎರಡನೇ ಚಹಾ ಬೇಕಾಗುತ್ತದೆ, ಅದನ್ನು ನನ್ನ ಹೆಂಡತಿ ಸುಮತಿ ಕೊಡುವುದಿಲ್ಲ. ನಿವೃತ್ತನಾಗಿ ಹಬ್ಬುವಾಡದ ಈ ಮನೆಯಲ್ಲಿ ಕುಳಿತ ಮೇಲೆ ಬೆಚ್ಚಿಬೀಳುವುದೇ ನನಗೊಂದು ನೌಕರಿ. ಕಾರವಾರದ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದಾಗ ಇಷ್ಟು ನಿಷ್ಠೆಯಿಂದ ಏನನ್ನೂ ಮಾಡಿದ ನೆನಪಿಲ್ಲ.

ಆ ದಿನ ಮನೆಯಲ್ಲಿ ಮಳೆಗಾಲದ ಮುಂಚಿನ ಗಲಾಟೆ. ಸುಮತಿ ಟ್ರಂಕಿನ ಸೀರೆಗಳನ್ನೆಲ್ಲ ಹೊರಗೆ ತೆಗೆದು ಗಾಳಿಗೆ ಹರವಿದ್ದಳು. ತಾರಸಿಯ ಮೇಲೆ ಸಿಗಡಿ ಒಣಗುತ್ತಿತ್ತು. ಮನೆ ತುಂಬ ಸಿಗಡಿ ಮತ್ತು ಡಾಂಬರುಗುಳಿಗೆಯ ವಾಸನೆಗಳು ಒಂದರೊಡನೊಂದು ಜಗಳವಾಡುತ್ತಿದ್ದವು. ನನ್ನ ಕುರ್ಚಿಯ ಮೇಲೆ ಪೇಪರಿನ ಹಾಳೆಯೊಂದು ಮಡಚಿ ಬಿದ್ದಿತ್ತು. ಹಳದಿಯಾಗಿಯೇ ಕಂಡಿತು. ನನ್ನ ಎರಡೂ ಕಣ್ಣಿಗೆ ಪೊರೆ ಬಂದು ವರ್ಷವಾಯಿತು, ಸುಮತಿಯ ಬಿಳೀ ಸೀರೆಯೂ ನನಗೆ ಹಳದಿಯೇ.

ಮೊದಲ ತಲೆಬರಹಕ್ಕೇ ಬೆಚ್ಚಿದೆ. 'ಗುಡ್ಡ ಕುಸಿತ: ಹೆದ್ದಾರಿ ಸಂಚಾರ ಅಸ್ತವ್ಯಸ್ತ.' ಮಳೆ ಹಿಡಿಯುವ ಮೊದಲೇ? ಅದರ ಪಕ್ಕದಲ್ಲಿ 'ಕಡಲ್ಕೊರೆತ: ದೇವಬಾಗದಲ್ಲಿ ತಡೆಗೋಡೆಗೆ ಆಗ್ರಹ.' ಅದರ ಕೆಳಗೆ 'ಬಂಗಡೆ ಬರ: ಮೀನುಗಾರರು ಕಂಗಾಲು.' 'ಜಿಲ್ಲೆಗೆ ದೊಡ್ಡ ಆಸ್ಪತ್ರೆ: ಶೀಘ್ರವೇ ನಿರ್ಧಾರ.' 'ಚೆಂಡಿಯಾ ನಿರಾಶ್ರಿತರ ಪರಿಹಾರ: ತಿಂಗಳೊಳಗೆ ಇತ್ಯರ್ಥ.' ಚೆಂಡಿಯಾದ ನಮ್ಮ ಭಾವ ನೌಕಾನೆಲೆಗೆ ನೆಲ ಬಿಟ್ಟುಕೊಟ್ಟು, ಬೇರೆ ಕಡೆ ಮನೆ ಕಟ್ಟಿ, ಆ ಮನೆಗೆ ಎರಡು ಸಲ ಹಂಚು ಬದಲಿಸಿಯಾಯಿತು, ಆ ತಿಂಗಳು ಮಾತ್ರ ಇನ್ನೂ ಮುಗಿದಿಲ್ಲ. ಒಂದೊಂದನ್ನೂ ಅಡುಗೆಮನೆಗೆ ಕೇಳುವಂತೆ ಗಟ್ಟಿಯಾಗಿ ಓದಿದೆ. ಸುಮತಿ ಒಂದೊಂದಕ್ಕೂ "ಹೌದಾ" ಅಂದಳು. ಅವಳ "ಹೌದಾ" ಬೆಲೆಯೇರಿಕೆಗೂ ಭೂಕಂಪಕ್ಕೂ ಒಂದೇ ಅಳತೆಯದು.

ಹಾಳೆ ತಿರುಗಿಸಿದೆ. ಮೂಲೆಯ 'ನಿಧನ' ಎಂಬ ಅಂಕಣದಲ್ಲಿ ವಿಠೋಬ ನಗುತ್ತಿದ್ದ.

ಕೈಯ ಚಹಾ ಲುಂಗಿಯ ಮೇಲೆ ಚೆಲ್ಲಿತು. ಅಂಕೋಲೆ ತಾಲೂಕಿನ ಹಾರವಾಡದ ವಿಠೋಬ, ನಿವೃತ್ತ ನೌಕರರು, ಹೃದಯಾಘಾತದಿಂದ ನಿಧನ, ಅಂತ್ಯಕ್ರಿಯೆ ಇಂದು ಮಧ್ಯಾಹ್ನ. ವಯಸ್ಸು ಅರವತ್ತೆರಡು ಎಂದಿತ್ತು. ನನಗೇ ಎಪ್ಪತ್ನಾಲ್ಕು, ನನಗಿಂತ ಎರಡು ತಿಂಗಳು ದೊಡ್ಡವನಿಗೆ ಅರವತ್ತೆರಡು ಹೇಗಾಗುತ್ತದೆ? ಪೇಪರಿನವರಿಗೆ ವಯಸ್ಸು ಯಾವಾಗ ಸರಿ ಸಿಕ್ಕಿದೆ ಎಂದುಕೊಂಡೆ. ಫೋಟೋದಲ್ಲಿ ಒಂದು ಕೂದಲೂ ಉದುರಿರಲಿಲ್ಲ. ಆ ದುಃಖದಲ್ಲೂ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ವಿಠೋಬ ಮತ್ತು ನಾನು ಆಫೀಸಿನಲ್ಲಿ ಒಂದೇ ಮೇಜಿನ ಎರಡು ಬದಿಗೆ ಕುಳಿತವರು. ಅವನದು ಸಮುದ್ರಕ್ಕೆ ಹೋಗುವವರ ಮನೆ. ಅಣ್ಣತಮ್ಮಂದಿರು ದೋಣಿ ಹತ್ತಿದರು, ಇವನು ಬಸ್ಸು ಹತ್ತಿದ. ಅವನ ಡಬ್ಬಿಯಲ್ಲಿ ಬರುತ್ತಿದ್ದ ಬಂಗಡೆ ಸಾರಿನಲ್ಲಿ ಅರ್ಧ ನನ್ನದು, ಇದರಲ್ಲಿ ಎಂದೂ ಚರ್ಚೆಯೇ ಇರಲಿಲ್ಲ. ಅವನ ಬೀಳ್ಕೊಡುಗೆಯ ದಿನ ಭಾಷಣ ಮಾಡಲು ನನಗೆ ಹೇಳಿದರು. ಮೈಕು ಸಿಕ್ಕಿದ ಮಂಗನಂತಾದೆ. "ವಿಠೋಬನ ಫೈಲು ಯಾವುದೆಂದು ತೆರೆದು ನೋಡಬೇಕಾಗಿಲ್ಲ, ಮೂಸಿದರೆ ಸಾಕು" ಎಂದುಬಿಟ್ಟೆ. ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ವಿಠೋಬ ಮಾತ್ರ ನಗಲಿಲ್ಲ. ಹಾರವನ್ನು ಮೇಜಿನ ಮೇಲಿಟ್ಟು ಐದರ ಬಸ್ಸಿಗೆ ಹೋದವನು ಮತ್ತೆ ಬರಲಿಲ್ಲ. ಹೋಗಿ ತಪ್ಪಾಯಿತು ಅನ್ನಬೇಕೆಂದು ನನಗೆ ಮಾರನೇ ದಿನವೇ ಅನ್ನಿಸಿತ್ತು. ಅಷ್ಟು ಸಣ್ಣ ಮಾತಿಗೆ ಸಿಟ್ಟಾದವನು ಅವನು, ಅವನೇ ಫೋನು ಮಾಡಲಿ ಎಂದು ಕಾದೆ. ಕಾದು ಕಾದು ನನಗೂ ಸಿಟ್ಟು ಬಂದು ಅವನ ನಂಬರನ್ನೇ ಅಳಿಸಿ ಹಾಕಿದೆ. ತಪ್ಪು ಮಾಡಿದವನಿಗೆ ಬರುವ ಸಿಟ್ಟಿನಷ್ಟು ಗಟ್ಟಿ ಸಿಟ್ಟು ಬೇರೆ ಇಲ್ಲ.

ಸತ್ತವನ ಮುಖ ನೋಡಿಯಾದರೂ ಒಂದು ಮಾತು ಹೇಳಿಬಿಡಬೇಕು ಎಂದು ಹಾಳೆಯನ್ನು ಅಂಗಿಯ ಜೇಬಿಗೆ ತುರುಕಿಕೊಂಡು ಹೊರಟೆ. "ಅಲ್ಲಿ ನೀರೂ ಮುಟ್ಬೇಡಿ ಮಾರಾಯ್ರೆ, ಹೆಣ ಇದ್ದ ಮನೆ" ಎಂದು ಸುಮತಿ ಬಾಗಿಲವರೆಗೆ ಬಂದು ಹೇಳಿದಳು. ಬಸ್ ನಿಲ್ದಾಣದಲ್ಲಿ ಸೇವಂತಿಗೆ ಹಾರ ಕೊಂಡು ಅಂಕೋಲೆ ಬಸ್ಸು ಹತ್ತಿದೆ. ದಾರಿಯಲ್ಲಿ ಒಂದು ಕಡೆ ಗುಡ್ಡದ ಮಣ್ಣು ತೆಗೆಯುತ್ತಿದ್ದರು, ಬಸ್ಸು ಅರ್ಧ ಗಂಟೆ ನಿಂತಿತು. ಪೇಪರಿನಲ್ಲಿ ಬಂದದ್ದು ಎಷ್ಟು ನಿಜ ಎಂದುಕೊಂಡೆ. ಹಾರ ತೊಡೆಯ ಮೇಲಿಟ್ಟುಕೊಂಡು, ಹೆಣ ಎತ್ತುವುದರೊಳಗೆ ಮುಟ್ಟಿಸಪ್ಪಾ ಎಂದು ಬೇಡಿಕೊಂಡೆ.

ಹಾರವಾಡದಲ್ಲಿ ಅವನ ಮನೆಯಂಗಳದಲ್ಲಿ ಒಂದು ನರಪಿಳ್ಳೆ ಇಲ್ಲ. ಆಯಿತು, ಒಯ್ದೇಬಿಟ್ಟರು ಎಂದುಕೊಂಡೆ. ವಿಠೋಬನ ಹೆಂಡತಿ ಗಂಗಾ ವೈನಿ ಜಗಲಿಯಲ್ಲಿ ಕೂತು ಒಣಮೀನು ಆರಿಸುತ್ತಿದ್ದರು. ಅವರನ್ನು ಕಂಡದ್ದೇ ನನಗೆ ತಡೆಯಲಾಗಲಿಲ್ಲ, ಹಾರ ಹಿಡಿದುಕೊಂಡೇ ಹೋ ಎಂದು ಅತ್ತೆ.

"ಅರೇ ದೇವಾ! ಕಾರವಾರದ ಆಫೀಸ್ನವ್ರಲ್ವಾ? ಎಂತಾ ಆಯ್ತು? ಯಾಕ್ ಅಳ್ತ್ರಿ?" ಎಂದು ಅವರು ಗಾಬರಿಯಾಗಿ ಎದ್ದರು.

"ಈಗ ಪೇಪರ್ ನೋಡಿ ಗೊತ್ತಾಯ್ತು ವೈನಿ. ಒಯ್ದೇಬಿಟ್ರಾ?"

"ಯಾರನ್ನ ಒಯ್ಯೂದು?"

"ವಿಠೋಬನ್ನ!"

ವೈನಿ ಕೆನ್ನೆಯ ಮೇಲೆ ಕೈಯಿಟ್ಟರು. "ಅವ್ರನ್ನ ಒಯ್ದು ಹನ್ನೆರಡ್ ವರ್ಷ ಆಯ್ತಲ್ರೋ" ಎಂದರು.

ಜೀವನದಲ್ಲಿ ಅಷ್ಟು ದೊಡ್ಡ ಧಕ್ಕೆ ನನಗೆ ಯಾವ ತಲೆಬರಹದಿಂದಲೂ ಆಗಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಒಳಗೆ ಗೋಡೆಯ ಮೇಲೆ ಅದೇ ಫೋಟೋ, ಅದಕ್ಕೆ ಬಣ್ಣ ಹೋದ ಪ್ಲಾಸ್ಟಿಕ್ ಹಾರ. ಜೇಬಿನ ಹಾಳೆ ತೆಗೆದು ಕಣ್ಣಿನ ಹತ್ತಿರ ಹಿಡಿದು ನೋಡಿದೆ. ಸುಮತಿ ಯಾವಾಗಲೋ ಟ್ರಂಕಿನ ತಳಕ್ಕೆ ಹಾಸಲು ಅಳತೆಗೆ ಕತ್ತರಿಸಿದ ಹಾಳೆ, ಮೇಲಿನ ತಾರೀಖು ಕತ್ತರಿಗೆ ಹೋಗಿತ್ತು. ಅದು ಹೊಸದಿದ್ದ ದಿನ ತಲೆಬರಹಕ್ಕೇ ಚಹಾ ಮುಗಿದು, ಹಿಂಬದಿ ತಿರುಗಿಸದೆ ಬಿಟ್ಟಿರಬೇಕು. ಇವತ್ತಿನ ಪೇಪರು ತಾರಸಿಯಲ್ಲಿ ಸಿಗಡಿಯ ಅಡಿಗೆ ಇತ್ತೆಂದು ಆಮೇಲೆ ತಿಳಿಯಿತು. ಗುಡ್ಡ, ಕಡಲು, ಬಂಗಡೆ, ಆಸ್ಪತ್ರೆ, ಎಲ್ಲ ಹನ್ನೆರಡು ವರ್ಷದ ಹಿಂದಿನವು. ಒಂದರಲ್ಲೂ ನನಗೆ ಹಳತಿನ ವಾಸನೆ ಬಡಿಯಲಿಲ್ಲ. ಇಷ್ಟು ವರ್ಷದಲ್ಲಿ ಆ ಹಾಳೆಯಲ್ಲಿ ಮುಗಿದುಹೋದ ವಿಷಯ ಒಂದೇ, ವಿಠೋಬ.

ವೈನಿ ಹಾಳೆಯನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿದರು. "ನಮ್ಮನೇಲಿ ಇಟ್ಟದ್ದು ಮಳೆಗೆ ನೆಂದು ಹೋಯ್ತು. ಇದ್ ನಂಗೆ ಕೊಡ್ತ್ರಾ?" ಎಂದರು. ಕೊಟ್ಟೆ. ಸೇವಂತಿಗೆ ಹಾರವನ್ನೂ ಕೊಟ್ಟೆ, ಅದನ್ನು ಫೋಟೋಕ್ಕೆ ಹಾಕಿದರು.

"ವಿಠೋಬಗೆ ನನ್ನ ಮೇಲೆ ಸಿಟ್ಟಿತ್ತಾ ವೈನಿ?"

"ಇತ್ತು. ಸುಳ್ಳ್ ಯಾಕೆ ಹೇಳೂದು? ನಾಲ್ಕ್ ತಿಂಗ್ಳು ನಿಮ್ಮ ಹೆಸ್ರು ಎತ್ತೂಕೆ ಬಿಡ್ಲಿಲ್ಲ. ಆಮೇಲೆ ಪ್ರತೀ ಆಯ್ತಾರ ಪ್ಯಾಟಿಗೆ ಹೋಗಿ ನಾಲ್ಕ್ ಬಂಗ್ಡೆ ಹೆಚ್ಚಿಗೆ ತರ್ತಿದ್ರು. ಅವ ಬಂದ್ರೂ ಬಂದ ಹೇಳ್ತಿದ್ರು. ನೀವು ಬರ್ಲಿಲ್ಲ, ನಾವೇ ತಿಂತಿದ್ವು."

ಅಷ್ಟರಲ್ಲಿ ವೈನಿ ಎಲೆ ಹಾಕಿದರು. ನಾನು ಬೇಡವೆಂದೆ. "ಸೂತಕ ಯಾವ ಕಾಲದಲ್ಲಿ ಕಳೀತು! ಸುಮ್ನೆ ಕೂತ್ಕಣಿ" ಎಂದು ಗದರಿಸಿದರು. ಕೂತೆ, ಅಳುತ್ತಲೇ ಉಂಡೆ, ಸಾರನ್ನು ಎರಡು ಸಲ ಹಾಕಿಸಿಕೊಂಡೆ.

ಸಂಜೆ ಮನೆಗೆ ಬಂದರೆ ಸುಮತಿ ಹೊಸ್ತಿಲಲ್ಲೇ ತಡೆದಳು. ಹೆಣ ನೋಡಿ ಬಂದವನು ಮಿಂದೇ ಒಳಗೆ ಬರಬೇಕು. ನಿಜ ಹೇಳಿದರೆ ಬದುಕಿರುವಷ್ಟು ಕಾಲ ಹಂಗಿಸುತ್ತಾಳೆ ಎಂದು ಸುಮ್ಮನೆ ಹಿತ್ತಲಿಗೆ ಹೋಗಿ ತಣ್ಣೀರು ಸುರಿದುಕೊಳ್ಳತೊಡಗಿದೆ. ಅವಳು ಬಾಗಿಲ ಮರೆಯಲ್ಲಿ ಟವೆಲು ಹಿಡಿದು ನಿಂತು, "ಜನ ಬಾಳ ಬಂದಿದ್ರಾ?" ಎಂದು ಕೇಳಿದಳು.

"ಇಲ್ಲ."

"ಆಫೀಸ್ನವ್ರು?"

"ನಾನೊಬ್ಬನೇ."

"ಅಯ್ಯೋ ದೇವಾ! ಅಷ್ಟ್ ವರ್ಷ ಒಟ್ಟಿಗೆ ಕೂತು, ಅವ್ರ ಡಬ್ಬಿ ಊಟ ತಿಂದವ್ರು! ಒಂದ್ಸಲ ಹೋಗಿ ಬರೂಕೆ ಪುರುಸೊತ್ತಿಲ್ವಾ? ಎಂಥಾ ಜನ ಇವ್ರು?" ಎಂದಳು ಸುಮತಿ. ಇಷ್ಟು ವರ್ಷಗಳಲ್ಲಿ ಅವಳು ಒಂದು ಸುದ್ದಿಗೆ ಬೆಚ್ಚಿಬಿದ್ದದ್ದನ್ನು ನಾನು ನೋಡಿದ್ದು ಇದೇ ಮೊದಲು.

"ಹೌದು, ಎಂಥಾ ಜನ" ಎಂದು ನಾನೂ ಅಂದೆ. ಆಮೇಲೆ, ಸ್ನಾನ ಇನ್ನೂ ಮುಗಿದಿಲ್ಲವೆನ್ನುವಂತೆ, ಮತ್ತೊಂದು ತಂಬಿಗೆ ನೀರು ತಲೆಗೆ ಸುರಿದುಕೊಂಡೆ.